ಕೊರೆಯೋ ಮುಂಚೆ ಅಳೀರಿ: ಶೇಲ್ ಗ್ಯಾಸ್ ಮತ್ತು ಕೃಷ್ಣಾ–ಗೋದಾವರಿ ಡೆಲ್ಟಾ

(ಪರವಾಡದಲ್ಲಿ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ. ವಿಡಿಯೋದಲ್ಲಿ ಸ್ಲೈಡ್ ಮೇಲೆ ಇದ್ದ ಅಂಕಿಗಳನ್ನ ಇಲ್ಲಿ ಮಾತಿನೊಳಗೇ ಸೇರಿಸಿದ್ದೇವೆ.)

ಮಧುರವಾಡ, ಗಾಜುವಾಕ, ರುಷಿಕೊಂಡ ಕಡೆಯಿಂದ ರಜೆ ದಿನ ಇಷ್ಟು ದೂರ ಬಂದಿದ್ದೀರಿ, ಥ್ಯಾಂಕ್ಸ್. ಮೊದಲೇ ಹೇಳಿಬಿಡ್ತೀನಿ, ನಾನು ಭೂವಿಜ್ಞಾನಿ ಅಲ್ಲ. ಎಂಟೆಕ್ ಮಾಡಿ ಸಾಫ್ಟ್‌ವೇರ್ ಬರೆಯೋನು. ಸೆನ್ಸರ್ ಕಳಿಸೋ ಅಂಕಿಗಳನ್ನ ಡೇಟಾಬೇಸಿಗೆ ತುಂಬೋದು, ಎಲ್ಲಿ ಏರುಪೇರಾಯ್ತು ಅಂತ ಹುಡುಕೋದು, ಇದೇ ಹೊಟ್ಟೆಪಾಡು. ಇವತ್ತಿನ ಮಾತನ್ನೂ ಆ ಕಡೆಯಿಂದಲೇ ಆಡ್ತೀನಿ.

ಶೇಲ್ ಗ್ಯಾಸ್ ಅಂದ ತಕ್ಷಣ "ಅದು ಅಮೆರಿಕದ್ದಲ್ವಾ" ಅಂತಾರೆ. 2018ರ ಮಾರ್ಚ್ 30ನೇ ತಾರೀಖು ಮೆರಿಡಿಯನ್ ಸ್ಪಿರಿಟ್ ಅನ್ನೋ ಹಡಗು ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ಅದರಲ್ಲಿದ್ದದ್ದು ಅಮೆರಿಕದ ಲೂಸಿಯಾನಾದ ಸಬೀನ್ ಪಾಸ್ ಬಂದರಿಂದ ದ್ರವ ಮಾಡಿ ತಂದ ಗ್ಯಾಸ್. ಗೇಲ್ ಕಂಪನಿಯ ದೀರ್ಘಾವಧಿ ಒಪ್ಪಂದದಲ್ಲಿ ಬಂದ ಮೊದಲ ಸರಕು ಅದು. ಇವತ್ತು ಅಮೆರಿಕದ ಗ್ಯಾಸಿನಲ್ಲಿ ಬಹುಪಾಲು ಶೇಲ್‌ನಿಂದಲೇ ಬರೋದು. ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ 2013ರಿಂದ ಪೈಪ್‌ಲೈನ್ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಅಮ್ಮ ಪೈಪ್ ಗ್ಯಾಸ್ ಹಚ್ಚಿ ಹಾಲು ಕಾಯಿಸ್ತಿದ್ರೆ, ಆ ಉರಿಯಲ್ಲಿ ಒಂದಿಷ್ಟು ಯಾವುದೋ ಅಮೆರಿಕದ ಹಳ್ಳಿಯ ಕೆಳಗಿಂದ ಬಂದದ್ದಿರಬಹುದು. ಉರಿ ನಮ್ಮನೇಲಿ, ತೂತು ಬೇರೆಯವರ ಊರಲ್ಲಿ.

ಆ ತೂತು ಈಗ ನಮ್ಮ ಪಕ್ಕಕ್ಕೂ ಬರಬಹುದು. ಪರವಾಡಕ್ಕಲ್ಲ. ಇಲ್ಲಿ ಕಾಲ ಕೆಳಗಿರೋದು ಪೂರ್ವಘಟ್ಟದ ಹಳೇ ಗಟ್ಟಿ ಕಲ್ಲು, ಖೊಂಡಲೈಟ್. ಅದರಲ್ಲಿ ಗ್ಯಾಸ್ ಹುಡುಕೋದು ಅಂದ್ರೆ ರಾಗಿಕಲ್ಲಿನಲ್ಲಿ ಎಣ್ಣೆ ಹುಡುಕಿದ ಹಾಗೆ. ಆದರೆ ವಿಜಯವಾಡ ರೈಲು ಹತ್ತಿ ಕೂತ್ರೆ, ರಾಜಮಹೇಂದ್ರಿಯಿಂದ ಮುಂದೆ ಕಿಟಕಿ ಆಚೆ ಕಾಣೋ ಭತ್ತದ ಗದ್ದೆ, ಮೀನಿನ ಕೆರೆ, ತೆಂಗು, ಅದೆಲ್ಲ ಕೃಷ್ಣಾ–ಗೋದಾವರಿ ಜಲಾನಯನದ ನೆಲ. ಅದರ ಕೆಳಗೆ, ಹಲವು ಕಡೆ ಎರಡು ಕಿಲೋಮೀಟರಿಗೂ ಆಳದಲ್ಲಿ, ರಾಘವಾಪುರಂ ಶೇಲ್ ಅನ್ನೋ ಪದರ ಇದೆ.

ಶೇಲ್ ಅಂದ್ರೆ ಕೆಸರು. ಕೋಟ್ಯಂತರ ವರ್ಷದ ಹಿಂದೆ ನೀರಿನ ತಳದಲ್ಲಿ ಕೂತ ಕೆಸರು, ಮೇಲಿನ ಭಾರಕ್ಕೆ ಪದರ ಪದರವಾಗಿ ಕಲ್ಲಾಗಿದೆ. ಮಾಮೂಲಿ ಗ್ಯಾಸ್ ಸಿಗೋದು ಮರಳುಗಲ್ಲಿನಲ್ಲಿ. ಅದು ಸ್ಪಂಜಿನ ಹಾಗೆ, ತೂತು ಮಾಡಿದ್ರೆ ಗ್ಯಾಸ್ ತಾನೇ ಹರಿದು ಬರುತ್ತೆ. ಶೇಲ್ ಹಾಗಲ್ಲ. ಚಿರೋಟಿ ಮೇಲೆ ರುಬ್ಬುಗುಂಡು ಇಟ್ಟು ಹಪ್ಪಳ ಮಾಡಿದ್ರೆ ಹೇಗಿರುತ್ತೆ, ಹಾಗೆ. ಪದರದೊಳಗೆ ಗ್ಯಾಸ್ ಇದೆ, ಹೊರಗೆ ಬರೋ ದಾರಿ ಇಲ್ಲ. ಅದಕ್ಕೆ ಬಾವಿಯನ್ನ ನೇರ ಕೆಳಗೆ ಕೊರೆದು, ಆಮೇಲೆ ಅಡ್ಡಕ್ಕೆ ತಿರುಗಿಸಿ ಒಂದೆರಡು ಕಿಲೋಮೀಟರ್ ಓಡಿಸ್ತಾರೆ. ನೀರು, ಮರಳು, ಸ್ವಲ್ಪ ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲು ಸೀಳ್ತಾರೆ. ಮರಳಿನ ಕಾಳು ಆ ಸೀಳು ಮುಚ್ಚದ ಹಾಗೆ ಅಡ್ಡ ನಿಲ್ಲುತ್ತೆ. ಇದೇ ಫ್ರ್ಯಾಕಿಂಗ್.

ಈ ಆಸೆ ನಮ್ಮಲ್ಲಿ ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. 2009ರ ಏಪ್ರಿಲ್‌ನಲ್ಲಿ ಇದೇ ಕರಾವಳಿಯ ಆಚೆ, ಸಮುದ್ರದಲ್ಲಿ, ಕೆಜಿ–ಡಿ6 ಗ್ಯಾಸ್ ಶುರುವಾಯ್ತು. ಅದನ್ನ ನಂಬಿ ವಿಜಯವಾಡ, ರಾಜಮಹೇಂದ್ರಿ ಸುತ್ತ ಗ್ಯಾಸ್ ವಿದ್ಯುತ್ ಸ್ಥಾವರಗಳು ಎದ್ದವು. ಒಂದೆರಡು ವರ್ಷದಲ್ಲೇ ಉತ್ಪಾದನೆ ಜರ್ರನೆ ಇಳಿದು, ಸಾವಿರಾರು ಕೋಟಿಯ ಯಂತ್ರಗಳು ಸುಮ್ಮನೆ ನಿಂತವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಶೇಲ್ ಜಾತ್ರೆ. 2011ರ ಜನವರಿಯಲ್ಲಿ ಓಎನ್‌ಜಿಸಿಗೆ ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ ಶೇಲ್‌ನಿಂದ ಗ್ಯಾಸ್ ಸಿಕ್ಕಿತು. 2012ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ನಮ್ಮ ಮೂರು ಜಲಾನಯನಗಳನ್ನ ನೋಡಿ, ತೆಗೆಯಬಹುದಾದ ಗ್ಯಾಸ್ 6.1 ಟ್ರಿಲಿಯನ್ ಘನ ಅಡಿ ಅಂತು. 2013ರಲ್ಲಿ ಅದೇ ಅಮೆರಿಕದ ಇಂಧನ ಮಾಹಿತಿ ಸಂಸ್ಥೆ, ಇನ್ನೊಂದು ಜಲಾನಯನ ಸೇರಿಸಿ, ಬೇರೆ ವಿಧಾನದಲ್ಲಿ ಲೆಕ್ಕ ಹಾಕಿ 96 ಅಂತು. ಒಂದೇ ವರ್ಷದ ಅಂತರ, ಸುಮಾರು ಹದಿನಾರು ಪಟ್ಟು. ನಮ್ಮ ಸ್ಪ್ರಿಂಟ್ ಎಸ್ಟಿಮೇಟೇ ವಾಸಿ ಅನ್ನಿಸಲ್ವಾ!

2013ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಓಎನ್‌ಜಿಸಿ ಮತ್ತು ಆಯಿಲ್ ಇಂಡಿಯಾಕ್ಕೆ ಶೇಲ್ ಹುಡುಕೋಕೆ ನೀತಿ ಮಾಡಿತು. 2018ರ ಆಗಸ್ಟ್‌ನಲ್ಲಿ ಖಾಸಗಿಯವರಿಗೂ ತಮ್ಮ ತಮ್ಮ ಬ್ಲಾಕಿನಲ್ಲಿ ಶೇಲ್ ತೆಗೆಯೋಕೆ ಬಾಗಿಲು ತೆರೀತು. ಕೆಲವು ಬಾವಿ ಕೊರೆದರು, ಪರೀಕ್ಷೆ ಮಾಡಿದರು. ವಾಣಿಜ್ಯ ಮಟ್ಟದ ಉತ್ಪಾದನೆ ಮಾತ್ರ ದೇಶದಲ್ಲಿ ಎಲ್ಲೂ ಶುರುವಾಗಿಲ್ಲ.

ಹಾಗಾದ್ರೆ ಈಗ ಯಾಕಪ್ಪ ತಲೆಬಿಸಿ? ಶುರುವಾಗಿಲ್ಲ ಅನ್ನೋದೇ ಕಾರಣ. ಒಂದು ಸಲ ಕೊರೆದ ಮೇಲೆ ಮಾಡೋಕಾಗದ ಕೆಲಸ ಒಂದಿದೆ: ಕೊರೆಯೋ ಮುಂಚೆ ನೀರು ಹೇಗಿತ್ತು ಅಂತ ಅಳೆಯೋದು. ನಮ್ಮ ಭಾಷೆಯಲ್ಲಿ ಬೇಸ್‌ಲೈನ್. ಹೊಸ ರಿಲೀಸ್ ಹಾಕೋ ಮುಂಚೆ ರೆಸ್ಪಾನ್ಸ್ ಟೈಮ್ ಎಷ್ಟಿತ್ತು ಅಂತ ಬರೆದಿಡದೆ, ಆಮೇಲೆ "ಸ್ಲೋ ಆಗಿದೆ" ಅಂತ ಟಿಕೆಟ್ ಹಾಕಿದ್ರೆ ಇನ್ನೊಂದು ಟೀಮ್ ಏನಂತಾರೆ? "ಮೊದಲಿಂದಲೂ ಹಾಗೇ ಇತ್ತು." ಅಷ್ಟೇ, ಟಿಕೆಟ್ ಕ್ಲೋಸ್.

ಇದೇ ಮಾತು ಪೆನ್ಸಿಲ್ವೇನಿಯಾದ ಡಿಮೊಕ್ ಅನ್ನೋ ಸಣ್ಣ ಊರಿನಲ್ಲಿ ವರ್ಷಗಟ್ಟಲೆ ನಡೀತು. 2009ರ ಹೊಸ ವರ್ಷದ ದಿನ ಅಲ್ಲೊಬ್ಬರ ಮನೆಯ ನೀರಿನ ಬಾವಿ, ಒಳಗೆ ಸೇರಿದ್ದ ಮೀಥೇನ್ ಹೊತ್ತಿ ಸಿಡೀತು. ಸುತ್ತ ಶೇಲ್ ಬಾವಿಗಳು ಎದ್ದಿದ್ದವು. 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಆ ಭಾಗದ 60 ನೀರಿನ ಬಾವಿಗಳಲ್ಲಿ ಮೀಥೇನ್ ಅಳೆದರು. 51ರಲ್ಲಿ ಇತ್ತು. ಗ್ಯಾಸ್ ಬಾವಿಗಳ ಹತ್ತಿರ ಇದ್ದ ನೀರಿನಲ್ಲಿ ಸರಾಸರಿ ಹದಿನೇಳು ಪಟ್ಟು ಜಾಸ್ತಿ. ಫ್ರ್ಯಾಕಿಂಗ್ ದ್ರವದ ಕುರುಹು ಮಾತ್ರ ಸಿಗಲಿಲ್ಲ, ಇದನ್ನೂ ಅವರೇ ಬರೆದಿದ್ದಾರೆ. ಆಮೇಲೆ 2013ರಲ್ಲಿ, ಉದ್ಯಮದ ಕಡೆಯವರೂ ಸೇರಿ ಬರೆದ ಇನ್ನೊಂದು ಪ್ರಬಂಧ ಬಂತು. 1,701 ಬಾವಿಗಳ ಅಂಕಿ ಇಟ್ಟು, ಮೀಥೇನ್ ಇರೋದು ಕಣಿವೆ ತಗ್ಗಿನ ಬಾವಿಗಳಲ್ಲಿ, ಅದು ನೆಲದ ಗುಣ, ಗ್ಯಾಸ್ ಬಾವಿಯ ದೂರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತು. ಯಾರು ಸರಿ? ಆಯಾ ಮನೆಯ ಬಾವಿಗೆ "ಮುಂಚೆ" ಅನ್ನೋ ಅಂಕಿ ಇದ್ದಿದ್ದರೆ ಜಗಳ ವಾರದಲ್ಲಿ ಮುಗೀತಿತ್ತು. ಕೋರ್ಟಿನಲ್ಲಿ ಅದು ಮುಗಿಯೋಕೆ 2022ರ ನವೆಂಬರ್ ಬಂತು. ಆಗ ಕಂಪನಿ "ನೋ ಕಾಂಟೆಸ್ಟ್" ಅಂತು. ಅಂದ್ರೆ ಒಪ್ಪಲೂ ಇಲ್ಲ, ಆರೋಪದ ವಿರುದ್ಧ ವಾದಿಸಲೂ ಇಲ್ಲ. ಸಿಡಿದು ಹದಿಮೂರು ವರ್ಷ ಆಗಿತ್ತು.

2010ರ ಗ್ಯಾಸ್‌ಲ್ಯಾಂಡ್ ಸಾಕ್ಷ್ಯಚಿತ್ರದಲ್ಲಿ ನಲ್ಲಿ ನೀರಿಗೆ ಲೈಟರ್ ಹಿಡಿದು ಬೆಂಕಿ ಎಬ್ಬಿಸೋ ದೃಶ್ಯ ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಕೊಲರಾಡೋ ರಾಜ್ಯದ ಆಯೋಗ ಆ ಮನೆಯ ನೀರು ಪರೀಕ್ಷಿಸಿ, ಇದು ಜೈವಿಕ ಮೀಥೇನ್, ಗ್ಯಾಸ್ ಬಾವಿಯದ್ದಲ್ಲ ಅಂತು. ಇದನ್ನ ಕೇಳಿದ ಕೂಡಲೇ ನಮ್ಮ ವಾಟ್ಸಾಪ್ ಪಂಡಿತರು ಎರಡು ಗುಂಪಾಗ್ತಾರೆ, ಫ್ರ್ಯಾಕಿಂಗ್ ಪೂರ್ತಿ ಸೇಫ್ ಅನ್ನೋರು, ಆಯೋಗ ಮಾರಾಟವಾಗಿದೆ ಅನ್ನೋರು. ಎರಡೂ ಬೇಡ. ಮೀಥೇನ್ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚೋಕೆ ಒಂದು ವಿಧಾನ ಇದೆ ಅನ್ನೋದು ಇದರಲ್ಲಿ ನಮಗೆ ಬೇಕಾದ ವಿಷಯ. ಕೆಸರಿನ ಬ್ಯಾಕ್ಟೀರಿಯಾ ಮಾಡಿದ ಮೀಥೇನಿನಲ್ಲಿ ಕಾರ್ಬನ್‌ನ ಭಾರದ ಐಸೋಟೋಪ್, ಕಾರ್ಬನ್–13, ಕಮ್ಮಿ ಇರುತ್ತೆ. ಆಳದ ಬಿಸಿಯಲ್ಲಿ ಬೆಂದ ಮೀಥೇನಿನಲ್ಲಿ ಸ್ವಲ್ಪ ಹೆಚ್ಚು, ಜೊತೆಗೆ ಸಾಮಾನ್ಯವಾಗಿ ಈಥೇನ್ ಕೂಡ ಬರುತ್ತೆ. ಬೆರಳಚ್ಚು ಇದ್ದ ಹಾಗೆ.

ಈಗ ಈ ಬೆರಳಚ್ಚನ್ನ ಡೆಲ್ಟಾಗೆ ತನ್ನಿ. ಇಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೀತಾರೆ, ಕೆಸರಿನಿಂದ ಮೀಥೇನ್ ಬುಳುಬುಳು ಬರ್ತಾನೇ ಇರುತ್ತೆ. ಎರಡು ನದಿಗಳ ನಡುವೆ ಕೊಲ್ಲೇರು ಸರೋವರ, 2002ರಿಂದ ರಾಮ್ಸರ್ ಪಟ್ಟಿಯಲ್ಲಿರೋ ಜೌಗು. ಸುತ್ತ ಕಣ್ಣು ಹಾಯಿಸಿದಷ್ಟೂ ಮೀನಿನ ಕೆರೆ. ಅಂದ್ರೆ ಯಾವ ಕೊರೆತವೂ ಇಲ್ಲದೇ ಇಲ್ಲಿನ ಬೋರ್ ನೀರಿನಲ್ಲಿ ಒಂದಿಷ್ಟು ಮೀಥೇನ್ ಇರಬಹುದು. ನಾಳೆ ಶೇಲ್ ಬಾವಿಯ ಸಿಮೆಂಟ್ ಬಿರುಕು ಬಿಟ್ಟು ಗ್ಯಾಸ್ ಮೇಲೆ ಬಂದ್ರೆ, "ಅದು ನಿಮ್ಮ ಗದ್ದೆಯದ್ದೇ ರೀ" ಅನ್ನೋಕೆ ಅರ್ಧ ನಿಮಿಷ ಸಾಕು.

ಉಪ್ಪಿನದ್ದೂ ಇದೇ ಕಥೆ. ಶೇಲ್ ಬಾವಿಯಿಂದ ಗ್ಯಾಸ್ ಜೊತೆ ವಾಪಸ್ ಬರೋ ನೀರು ಬರೀ ನಾವು ಹಾಕಿದ್ದಲ್ಲ. ಆಳದ ಹಳೇ ಉಪ್ಪುನೀರು, ಬೇರಿಯಂ, ಸ್ಟ್ರಾನ್ಷಿಯಂ, ಕೆಲವೆಡೆ ರೇಡಿಯಂ ಎಲ್ಲ ಹೊತ್ತು ಬರುತ್ತೆ. ಒಣ ಬಯಲಲ್ಲಿ ಅದು ಚೆಲ್ಲಿದ್ರೆ ಮಣ್ಣು ಬೆಳ್ಳಗಾಗಿ ಕಾಣುತ್ತೆ. ಡೆಲ್ಟಾದಲ್ಲಿ ಆಳದ ಅಂತರ್ಜಲ ಮೊದಲೇ ಉಪ್ಪು, ಮೇಲೆ ತೆಳ್ಳಗೆ ಸಿಹಿನೀರು. ಸೀಗಡಿ ಕೆರೆಗಳಿಂದಲೂ ಉಪ್ಪು ಇಳಿಯುತ್ತೆ. ಒಬ್ಬ ರೈತನ ಬೋರ್ ಉಪ್ಪಾದ್ರೆ ಸಮುದ್ರದ್ದೋ, ಪಕ್ಕದ ಸೀಗಡಿ ಕೆರೆಯದ್ದೋ, ಗ್ಯಾಸ್ ಬಾವಿಯದ್ದೋ? ಬ್ರೋಮೈಡ್ ಮತ್ತು ಕ್ಲೋರೈಡ್‌ನ ಅನುಪಾತ, ಸ್ಟ್ರಾನ್ಷಿಯಂ, ಬೇರಿಯಂ ನೋಡಿದ್ರೆ ಬೇರೆ ಮಾಡಿ ಹೇಳೋ ಸಾಧ್ಯತೆ ಇದೆ. ಆದರೆ ಹೋಲಿಸೋಕೆ ಹಳೇ ಅಂಕಿ ಬೇಕಲ್ಲ. ಫ್ರ್ಯಾಕಿಂಗ್‌ನ ಹಾನಿಯನ್ನ ಸಾಬೀತು ಮಾಡೋದು ಅತಿ ಕಷ್ಟ ಆಗೋ ಜಾಗ ಯಾವುದು ಅಂತ ಕೇಳಿದ್ರೆ ನಾನು ಇಂಥ ಡೆಲ್ಟಾವನ್ನೇ ತೋರಿಸ್ತೀನಿ. ಅದೇ ನನಗೆ ಇದರಲ್ಲಿ ಹೆದರಿಕೆ ಹುಟ್ಟಿಸೋ ವಿಷಯ.

ಕಾನೂನು ಇಲ್ಲಿ ಏನು ಹೇಳುತ್ತೆ? 2020ರ ಜನವರಿ 16ರಂದು ಕೇಂದ್ರ ಪರಿಸರ ಸಚಿವಾಲಯ ತೈಲ ಮತ್ತು ಅನಿಲದ ಅನ್ವೇಷಣೆಯನ್ನ 'ಎ' ವರ್ಗದಿಂದ 'ಬಿ2' ವರ್ಗಕ್ಕೆ ಇಳಿಸಿತು. ಬಿ2 ಅಂದ್ರೆ ಪೂರ್ಣ ಪರಿಸರ ಪರಿಣಾಮ ವರದಿ ಬೇಡ, ಸಾರ್ವಜನಿಕ ಅಹವಾಲು ಸಭೆ ಬೇಡ. ಉತ್ಪಾದನೆಗೆ ಹೋಗುವಾಗ ಅವೆಲ್ಲ ಬೇಕು, ನಿಜ. ಆದರೆ ಶೇಲ್‌ನಲ್ಲಿ ಗ್ಯಾಸ್ ಇದೆಯಾ ಅಂತ ಅನ್ವೇಷಣೆ ಮಾಡೋಕೂ ಸೀಳಲೇಬೇಕು. ಅಂದ್ರೆ ಊರಿನವರ ಮಾತು ಕೇಳೋ ಹೊತ್ತಿಗೆ ಮೊದಲ ಸೀಳು ಆಗಿರುತ್ತೆ, "ಮುಂಚೆ" ಅನ್ನೋದು ಕೈತಪ್ಪಿರುತ್ತೆ. ಅದೇ ವರ್ಷ ಫೆಬ್ರವರಿಯಲ್ಲಿ ತಮಿಳುನಾಡು ತನ್ನ ಕಾವೇರಿ ಡೆಲ್ಟಾವನ್ನ ಸಂರಕ್ಷಿತ ಕೃಷಿ ವಲಯ ಅಂತ ಕಾನೂನು ಮಾಡಿ, ಹೊಸ ತೈಲ–ಅನಿಲ ಕೊರೆತವನ್ನ, ಶೇಲ್ ಗ್ಯಾಸ್ ಅಂತ ಹೆಸರು ಹೇಳಿಯೇ, ನಿಷೇಧಿಸಿತು. ನಮ್ಮ ಕೊಡಗಿನಲ್ಲಿ ಹುಟ್ಟಿದ ನದಿಯ ತುದಿಗೆ ಆ ರಕ್ಷಣೆ ಇದೆ. ಕೃಷ್ಣಾ, ಗೋದಾವರಿಯ ತುದಿಗೆ ಅಂಥ ಕಾನೂನು ಇಲ್ಲ.

ನದಿ ಅಂದ ಮೇಲೆ ನೀರಿನ ಲೆಕ್ಕವನ್ನೂ ನೋಡಿಬಿಡೋಣ. ಒಂದು ಶೇಲ್ ಬಾವಿ ಸೀಳೋಕೆ ಒಂದೆರಡು ಕೋಟಿ ಲೀಟರ್ ನೀರು ಸಾಮಾನ್ಯ. ಟೆಕ್ಸಾಸ್ ಕಡೆಯ ಉದ್ದನೆ ಬಾವಿಗಳಿಗೆ ಇನ್ನೂ ಜಾಸ್ತಿ. ಬೆಂಗಳೂರಿನವರಿಗೆ ಟ್ಯಾಂಕರ್ ಲೆಕ್ಕವೇ ಚೆನ್ನಾಗಿ ಅರ್ಥ ಆಗೋದು, 2024ರ ಬೇಸಿಗೆ ಯಾರು ಮರೀತಾರೆ. 12,000 ಲೀಟರಿನ ಟ್ಯಾಂಕರ್ ಅಂದುಕೊಂಡ್ರೆ 1.2 ಕೋಟಿ ಲೀಟರಿಗೆ ಸಾವಿರ ಟ್ಯಾಂಕರ್. ರಾಸಾಯನಿಕ "ಬರೀ ಅರ್ಧ ಪರ್ಸೆಂಟ್" ಅಂತ ಹೇಳ್ತಾರಲ್ಲ, ಅದು ಐದು ಟ್ಯಾಂಕರ್. ಒಂದು ಬಾವಿಗೆ. ಶೇಲ್ ಬಾವಿಯಲ್ಲಿ ಗ್ಯಾಸ್ ಬೇಗ ಇಳಿದುಹೋಗುತ್ತೆ, ಹಾಗಾಗಿ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು ಕೊರೀತಾನೇ ಇರಬೇಕು.

ಒಂದು ಜಿಲ್ಲೆಯ ಭತ್ತಕ್ಕೆ ಹೋಲಿಸಿದ್ರೆ ಇದು ಚಿಕ್ಕ ಅಂಕಿ, ನಾನು ಒಪ್ತೀನಿ. ಆದರೆ ಗದ್ದೆಯ ನೀರಿನಲ್ಲಿ ಒಂದು ಪಾಲು ನೆಲಕ್ಕೆ, ಕಾಲುವೆಗೆ ತಿರುಗಿ ಬರುತ್ತೆ, ಇದು ಆ ಸ್ಥಿತಿಯಲ್ಲಿ ಬರಲ್ಲ. ಮತ್ತೆ ಆ ನೀರು ಎಲ್ಲಿಯದು? ಆಲಮಟ್ಟಿ, ನಾರಾಯಣಪುರ ದಾಟಿ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಬಂದು ಕಾಲುವೆಗೆ ಇಳಿಯೋ ಕೃಷ್ಣೆ. ಮೂರು ರಾಜ್ಯ ಅಂತ ಶುರುವಾಗಿ ಈಗ ನಾಲ್ಕು ರಾಜ್ಯ ನ್ಯಾಯಾಧಿಕರಣದಲ್ಲಿ ಹನಿ ಹನಿಗೂ ಗುದ್ದಾಡೋ ನೀರು ಅದು. ಸಾಲದು ಅಂತ ಪಟ್ಟಿಸೀಮದಲ್ಲಿ ಪಂಪ್ ಇಟ್ಟು ಗೋದಾವರಿ ನೀರನ್ನ ಎತ್ತಿ ಕೃಷ್ಣಾ ಡೆಲ್ಟಾಗೆ ತರ್ತಿದ್ದಾರೆ.

ವಾಪಸ್ ಬಂದ ಕೊಳೆ ನೀರನ್ನ ಏನು ಮಾಡೋದು? ಅಮೆರಿಕದಲ್ಲಿ ಬಹುಪಾಲು ಇನ್ನೊಂದು ಆಳದ ಬಾವಿಗೆ ತುರುಕಿದರು. ಓಕ್ಲಹೋಮಾದಲ್ಲಿ 2008ಕ್ಕೆ ಮುಂಚೆ 3ಕ್ಕಿಂತ ದೊಡ್ಡ ಭೂಕಂಪ ವರ್ಷಕ್ಕೆ ಒಂದೋ ಎರಡೋ. 2015ರಲ್ಲಿ ಒಂಬೈನೂರಕ್ಕೂ ಹೆಚ್ಚು. 2016ರ ಸೆಪ್ಟೆಂಬರ್ 3ರಂದು ಪಾನೀ ಅನ್ನೋ ಊರಲ್ಲಿ 5.8 ತೀವ್ರತೆಯದ್ದು. ಅಲ್ಲಿ ತುರುಕಿದ ನೀರಿನಲ್ಲಿ ಫ್ರ್ಯಾಕಿಂಗ್‌ನದಕ್ಕಿಂತ ಎಣ್ಣೆ ಜೊತೆ ಬಂದ ಮಾಮೂಲಿ ಉಪ್ಪುನೀರೇ ಹೆಚ್ಚು ಅನ್ನೋದನ್ನೂ ಹೇಳಬೇಕು. ತುರುಕೋದು ಕಮ್ಮಿ ಮಾಡಿದ ಮೇಲೆ ಕಂಪನವೂ ಕಮ್ಮಿ ಆಯ್ತು. ಅಲ್ಲಿ ಇದೆಲ್ಲ ಗೊತ್ತಾಗಿದ್ದು ಹೇಗೆ? ಹಳೇ ಕಂಪನದ ದಾಖಲೆ ಇತ್ತು, ಗ್ರಾಫ್ ಹಾಕಿದರು, ಕಣ್ಣಿಗೆ ಕಾಣ್ತು. ಬೇಸ್‌ಲೈನ್ ಇದ್ದ ಕಡೆ ಜಗಳ ಬೇಗ ಮುಗಿದ ಉದಾಹರಣೆ ಇದು.

ಗೋದಾವರಿ ಡೆಲ್ಟಾದವರಿಗೆ ಗ್ಯಾಸ್ ಹೊಸದಲ್ಲ ಅನ್ನೋದು ನೆನಪಿರಲಿ. 1995ರ ಜನವರಿ 8ರಂದು ಕೋನಸೀಮೆಯ ಪಾಸರ್ಲಪೂಡಿಯಲ್ಲಿ ಓಎನ್‌ಜಿಸಿ ಬಾವಿ ಹೊತ್ತಿಕೊಂಡು 65 ದಿನ ಉರೀತು. 2014ರ ಜೂನ್ 27ರ ಬೆಳಗಿನ ಜಾವ, ಅಲ್ಲೇ ಹತ್ತಿರದ ನಗರಂ ಗ್ರಾಮದಲ್ಲಿ ಗೇಲ್ ಪೈಪ್‌ಲೈನ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದು ವಿಜಯವಾಡ ಹತ್ತಿರದ ಕೊಂಡಪಲ್ಲಿ ವಿದ್ಯುತ್ ಸ್ಥಾವರಕ್ಕೆ ಗ್ಯಾಸ್ ಒಯ್ಯೋ ಪೈಪು. ನೀರು ಬೆರೆತ ಗ್ಯಾಸ್ ಹರಿದು ಒಳಗಿಂದ ತುಕ್ಕು ತಿಂದಿತ್ತು. ಸೋರ್ತಿದೆ ಅಂತ ಊರಿನವರು ಮೊದಲೇ ಹೇಳಿದ್ದರು. ಇವೆರಡೂ ಮಾಮೂಲಿ ಗ್ಯಾಸಿನ ಕಥೆ, ಫ್ರ್ಯಾಕಿಂಗ್‌ದಲ್ಲ. ಬೆರೆಸಿ ಹೇಳಿದ್ರೆ ಮೋಸ. ಆದರೆ ಶೇಲ್ ಬಂದ್ರೆ ಬಾವಿಯೂ ಪೈಪೂ ಹತ್ತು ಪಟ್ಟು ಬೇಕಾದಾವು, ನೋಡಿಕೊಳ್ಳೋರು ಇವರೇ.

ಈಗ ಪರವಾಡದ ಚಿಮಣಿಗಳ ಕಡೆ ತಿರುಗಿ. ಇಲ್ಲಿನ ಸಿಂಹಾದ್ರಿ ಸ್ಥಾವರ 2,000 ಮೆಗಾವಾಟ್, ಉರಿಯೋದು ಒಡಿಶಾದ ತಾಲ್ಚೇರ್ ಕಲ್ಲಿದ್ದಲು. ಬೂದಿ ಎಲ್ಲಿ ಹೋಗುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ಅದೇ ವಿದ್ಯುತ್ತನ್ನ ಗ್ಯಾಸ್ ಉರಿಸಿ ಮಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಮ್ಮಿ ಅರ್ಧ, ಬೂದಿ ಇಲ್ಲವೇ ಇಲ್ಲ. ಈ ವಾದವನ್ನ ನಾನು ಹಗುರ ಮಾಡಲ್ಲ. ಮೀಥೇನ್ ಉರಿಯದೆ ಸೋರಿದ್ರೆ ಮಾತ್ರ ಲೆಕ್ಕ ತಿರುಗುತ್ತೆ. ಇಪ್ಪತ್ತು ವರ್ಷದ ಅವಧಿಯಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತೆ. 2018ರ ಒಂದು ಅಧ್ಯಯನ ಅಮೆರಿಕದ ಉದ್ಯಮದ ಸೋರಿಕೆ ಒಟ್ಟು ಉತ್ಪಾದನೆಯ 2.3 ಪರ್ಸೆಂಟ್ ಅಂತು. ಸರ್ಕಾರದ ಲೆಕ್ಕಕ್ಕಿಂತ ಸುಮಾರು 60 ಪರ್ಸೆಂಟ್ ಜಾಸ್ತಿ. ಯಾಕೆ ಈ ವ್ಯತ್ಯಾಸ? ಸರ್ಕಾರ ವಾಲ್ವ್ ಎಣಿಸಿ ಅಂದಾಜಿನಿಂದ ಗುಣಿಸಿತ್ತು, ಇವರು ಹೋಗಿ ಅಳೆದರು.

ಅಳೆಯದೆ ಇದ್ದರೆ ಏನಾಗುತ್ತೆ ಅಂತ ನೋಡೋಕೆ ಪೆನ್ಸಿಲ್ವೇನಿಯಾ ತನಕ ಹೋಗಬೇಕಾಗಿಲ್ಲ. ಇಲ್ಲೇ ಫಾರ್ಮಾ ಸಿಟಿ ಪಕ್ಕ ತಾಡಿ ಗ್ರಾಮ ಇದೆ. ನೀರು, ಗಾಳಿ ಕೆಟ್ಟಿದೆ, ನಮ್ಮನ್ನ ಬೇರೆ ಕಡೆ ಕರ್ಕೊಂಡು ಹೋಗಿ ಅಂತ ಅಲ್ಲಿನವರು ವರ್ಷಗಳಿಂದ ಕೇಳ್ತಿದ್ದಾರೆ. ನಾನು ಅಲ್ಲಿ ಒಂದಿಬ್ಬರು ಹಿರಿಯರ ಹತ್ತಿರ ಮಾತಾಡಿದಾಗ, "ಮುಂಚೆ ಈ ಬಾವಿ ನೀರೇ ಕುಡೀತಿದ್ವಿ ಬಾಬು" ಅಂದರು. ಅವರ ನಾಲಿಗೆಯ ನೆನಪೇ ಅವರ ಬೇಸ್‌ಲೈನ್. ಅದನ್ನ ಯಾವ ಲ್ಯಾಬೂ ಒಪ್ಪಲ್ಲ.

ಹಾಗಾದ್ರೆ ಡೆಲ್ಟಾದಲ್ಲಿ ಏನು ಮಾಡಬಹುದು? ನನ್ನ ಅಭಿಪ್ರಾಯ ಇಷ್ಟು. ಕಮ್ಮಿ ಅಂದ್ರೂ ಒಂದು ಪೂರ್ತಿ ವರ್ಷ, ಅಂದ್ರೆ ಮಳೆಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಕೊರೆಯೋ ಜಾಗದ ಸುತ್ತ ಎರಡು ಕಿಲೋಮೀಟರ್‌ನ ಎಲ್ಲ ಬೋರ್ ನೀರನ್ನ ಅಳೀಬೇಕು: ಮೀಥೇನ್, ಈಥೇನ್, ಕಾರ್ಬನ್ ಐಸೋಟೋಪ್, ಕ್ಲೋರೈಡ್, ಬ್ರೋಮೈಡ್, ಬೇರಿಯಂ, ಸ್ಟ್ರಾನ್ಷಿಯಂ. ಅಳೆಯೋದು ಕಂಪನಿ ನೇಮಿಸಿದ ಲ್ಯಾಬ್ ಒಂದೇ ಆಗಬಾರದು. ಒಂದು ಆಳದ ಬಾವಿ ಕೊರೆಯೋ ಖರ್ಚಿನ ಮುಂದೆ ಇದು ಚಿಲ್ಲರೆ. ಅಂಕಿ ಪಿಡಿಎಫ್ ಒಳಗೆ ಸ್ಕ್ಯಾನ್ ಆಗಿ ಸಾಯಬಾರದು. ಬೋರ್ ಎಲ್ಲಿದೆ, ಯಾವ ದಿನ ತೆಗೆದದ್ದು ಅಂತ ಸಮೇತ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡೋ ಹಾಗಿರಬೇಕು. ಅನ್ವೇಷಣೆ ಬಿ2 ಆಗಿದ್ದರೂ ಈ ಷರತ್ತನ್ನ ಅನುಮತಿ ಪತ್ರದಲ್ಲಿ ಬರೆಯೋಕೆ ರಾಜ್ಯ ಮಟ್ಟದ ಪ್ರಾಧಿಕಾರಕ್ಕೆ ಅಧಿಕಾರ ಇದೆ. ಬರೀಲಿ ಅಂತ ಯಾರಾದ್ರೂ ಕೇಳಬೇಕು, ಅಷ್ಟೇ.

ಅನುಮತಿ ಅರ್ಜಿಗಳು ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಇರ್ತವೆ. ನಾನು ಪ್ರತಿ ತಿಂಗಳು ಆಂಧ್ರದ ತೈಲ–ಅನಿಲ ಅರ್ಜಿಗಳನ್ನ ತೆಗೆದು ಒಂದು ಶೀಟಿಗೆ ಹಾಕ್ತಿದ್ದೀನಿ. ಅರ್ಜಿಯಲ್ಲಿ "ಫ್ರ್ಯಾಕಿಂಗ್" ಅಂತ ನೇರವಾಗಿ ಇರಲೇಬೇಕು ಅಂತಿಲ್ಲ, "ಸ್ಟಿಮ್ಯುಲೇಷನ್" ಅಂತ ಇದ್ದರೂ ನಿಂತು ಓದಿ. ನೀರು ಎಷ್ಟು, ಎಲ್ಲಿಂದ ಅನ್ನೋ ಕಾಲಂ, ವಾಪಸ್ ಬಂದ ನೀರಿಗೆ ಏನು ಮಾಡ್ತಾರೆ ಅನ್ನೋ ಕಾಲಂ, ಇವೆರಡನ್ನ ಮೊದಲು ನೋಡಿ. ತೆಲುಗು ಓದೋಕೆ ಬರೋ ಇಬ್ಬರು ಜೊತೆ ಸೇರಿದ್ರೆ ಪಂಚಾಯ್ತಿ ನೋಟಿಸುಗಳನ್ನೂ ಸೇರಿಸಬಹುದು. ನಮ್ಮ ಲಿಪಿ ಹೆಚ್ಚುಕಮ್ಮಿ ಒಂದೇ, ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ.

ಶೀಟಿನ ಲಿಂಕ್ ಗ್ರೂಪಿನಲ್ಲಿ ಹಾಕ್ತೀನಿ. ಪ್ರಶ್ನೆ ಇದ್ರೆ ಕೇಳಿ, ಕಾಫಿ ಬರೋಕೆ ಇನ್ನೂ ಹತ್ತು ನಿಮಿಷ ಇದೆ.